ಟೈಟಲಿಗೊಂದು ಹೆದರಿದ ಮುಖ

ಫೋನಿನಲ್ಲಿದ್ದ ದನಿ ಊರಿನ ತವಿಯಾ ಮಾವನದು. ಮಾತಾಡುತ್ತಿದ್ದವನು ಮಾತ್ರ ಗೆಳೆಯ ಫೀಫಿ. ಕೋಬಿನಾನಿಗೆ ಅದು ಮೊದಲ ಕೆಮ್ಮಿಗೇ ತಿಳಿದುಹೋಯಿತು.

“ಏನಿಲ್ಲ ಮಗಾ, ಒಂದ್ಸಲ ಮನೆಗೆ ಬಂದು ಹೋಗು. ಸ್ವಲ್ಪ ಮಾತಾಡೋದಿದೆ.”

“ಏನು ಮಾತು ಮಾವ?”

“ಫೋನಲ್ಲಿ ಆಡೋದಲ್ಲ. ಬಾ.”

ಕೋಬಿನಾ ಅದೇ ಕೆಮ್ಮು ಕೆಮ್ಮಿ, ಅದೇ ಎಳೆತದಲ್ಲಿ, “ಏನಿಲ್ಲ ಮಗಾ, ಕೆಮ್ಮಿಗೆ ಶುಂಠಿ ಅಗೀತಾ ಇರು, ಬರ್ತೀನಿ,” ಎಂದ. ಆ ಕಡೆ ಫೋನು ಕಟ್ಟಾಯಿತು. ನಂಬರು ಬೇರೆ ಹೊಸದು. ಕಳ್ಳ ಸಿಕ್ಕಿಬಿದ್ದಿದ್ದ.

ಇನ್ನೊಬ್ಬರ ದನಿ ಅನುಕರಿಸುವ ಈ ವಿದ್ಯೆ ಫೀಫಿಗೆ ಕಲಿಸಿದ್ದೇ ಕೋಬಿನಾ. ಇಬ್ಬರೂ ರಾಜಧಾನಿ ಆಕ್ರಾದ ಸಿನಿಮಾ ಕಾಲೇಜಿನವರು. ಕೋಬಿನಾ ನಿರ್ದೇಶಕ, ಫೀಫಿ ಕ್ಯಾಮೆರಾ. ಪ್ರಿನ್ಸಿಪಾಲರು, ಪಾದ್ರಿ, ಟ್ರೋಟ್ರೋ ವ್ಯಾನಿನ ಕಂಡಕ್ಟರು, ಎಲ್ಲರೂ ಕೋಬಿನಾನ ಗಂಟಲಲ್ಲಿ ಬಾಡಿಗೆಗಿದ್ದರು.

ಕೊನೆಯ ವರ್ಷಕ್ಕೆ ಅವರು ಮಾಡುತ್ತಿದ್ದದ್ದು ದೆವ್ವವಿಲ್ಲದ ಭಯದ ಚಿತ್ರ; ದೆವ್ವವೆಲ್ಲ ನಾಯಕನ ತಲೆಯೊಳಗೆ. ಟೈಟಲಿಗೆ ಕೋಬಿನಾ ಹಾಕಿದ ಯೋಜನೆ ಸರಳ. ಊರ ಗೋಡೆಗಳಿಗೆ ಅಂಟಿಸುವಂಥ ಸಾವಿನ ಪೋಸ್ಟರುಗಳು. ಕ್ಯಾಮೆರಾ ಗೋಡೆಯುದ್ದಕ್ಕೂ ಸರಿಯುತ್ತದೆ. ಒಂದರಲ್ಲಿ ಸಂಕಲನಕಾರನ ನಗುಮುಖ, ಇನ್ನೊಂದರಲ್ಲಿ ಸಂಗೀತದವಳದು, ಕೆಳಗೆ ದುಃಖತಪ್ತರ ಹೆಸರು. ಕೊನೆಯ ಪೋಸ್ಟರಿನ ಮುಂದೆ ಬದುಕಿರುವವನೊಬ್ಬ ನಿಂತಿದ್ದಾನೆ. ಅವನ ಮುಖದ ಮೇಲೆ ಚಿತ್ರದ ಹೆಸರು.

ಮಾದರಿ ನೋಡಿದ ಮೇಡಂ ಹೇಳಿದ್ದರು: “ಪೋಸ್ಟರಿಗೆ ಜೀವ ಇದೆ, ಮುಖ ಸತ್ತಿದೆ. ಹೆದರಿದ ಹಾಗೆ ನಟಿಸೋ ಮುಖ ಬೇಡ, ಹೆದರಿದ ಮುಖ ತಾ. ಇಲ್ದಿದ್ರೆ ಮುಂದಿನ ವರ್ಷ ಮತ್ತೆ ಇದೇ ಕ್ಲಾಸಲ್ಲಿ ಸಿಗೋಣ.”

ಕೋಬಿನಾನಿಗೆ ಮುಂದಿನ ವರ್ಷ ಬೇಡವಾಗಿತ್ತು. ಮುಖ ಬೇಕಾಗಿತ್ತು.

ಹತ್ತಿರದಲ್ಲಿದ್ದದ್ದು ಫೀಫಿಯ ಮುಖ. ಅವರ ಕಡೆ ಸಾವಿನ ಸುದ್ದಿಯನ್ನು ಯಾರೂ ಫೋನಿನಲ್ಲಿ ಒದರುವುದಿಲ್ಲ. ಕರೆಸಿ, ಕೂರಿಸಿ, ಕುಡಿಯಲು ನೀರು ಕೊಟ್ಟು, ಆಮೇಲೆ ಹಿರಿಯರು ಬಾಯಿ ಬಿಡುತ್ತಾರೆ. ಅದಕ್ಕೇ ‘ಸ್ವಲ್ಪ ಮಾತಾಡೋದಿದೆ, ಬಾ’ ಎಂದರೆ ಎಂಥವನಿಗೂ ಕಾಲು ತಣ್ಣಗಾಗುತ್ತದೆ. ಫೋನು ಮಾಡಿ, ಫೀಫಿಯ ಮಾವನ ದನಿಯಲ್ಲಿ ಕೋಬಿನಾ ಆ ಮಾತು ಹೇಳಿದ್ದ. ಫೀಫಿ ಓಡಿದ. ಓಣಿಯ ಗೋಡೆಯ ಮೇಲೆ ಕೋಬಿನಾ ಅಂಟಿಸಿದ್ದ ಅವನ ತಾಯಿಯ ಸಾವಿನ ಪೋಸ್ಟರು. ಮೀನುಬುಟ್ಟಿಗಳ ಹಿಂದೆ ಕ್ಯಾಮೆರಾ.

ಫೀಫಿ ಪೋಸ್ಟರಿಗೆ ಹಣೆಯೊತ್ತಿ ಅಲ್ಲೇ ಕುಸಿದ. ಕ್ಯಾಮೆರಾಕ್ಕೆ ಸಿಕ್ಕಿದ್ದು ಬರೀ ಬೆನ್ನು. ಕೋಬಿನಾನಿಗೆ ಬೇಜಾರಾದದ್ದು ಅದೊಂದಕ್ಕೇ. ಬ್ರೆಡ್ಡು ತರಲು ಹೋಗಿದ್ದ ಆ ತಾಯಿ ಗೋಡೆಯ ಮೇಲೆ ತನ್ನ ಸಾವನ್ನು ತಾನೇ ಓದಿಕೊಂಡು ಹಾಸಿಗೆ ಹಿಡಿದಳು.

“ನಿನ್ನ ಸರದಿ ಬರುತ್ತೆ ಕಣೋ,” ಎಂದಷ್ಟೇ ಹೇಳಿದ್ದ ಫೀಫಿ.

ಬಂದಿತ್ತು. ಕೋಬಿನಾ ಅವನ ಕೋಣೆಗೆ ಹೋಗಿ ಬಾಗಿಲು ಬಡಿದ. “ಕ್ಯಾಮೆರಾ ಎತ್ಕೋ. ಎಲ್ಮಿನಾಗೆ ಹೋಗೋಣ.”

“ನಿಮ್ಮೂರಿಗಾ? ಇವತ್ತೇನಾ?” ಫೀಫಿ ಲೆಕ್ಕ ತಪ್ಪಿದವನಂತೆ ನೋಡಿದ.

“ಪಾಪ, ನಿಂಗೇನೂ ಗೊತ್ತಿಲ್ಲ. ನನ್ನ ಮುಖಾನೇ ಹಿಡಿ. ಹೆದರಿದ್ರೆ ಟೈಟಲ್ ನಿಂದು.”

ದಾರಿಯಲ್ಲಿ ಅಮ್ಮನಿಗೆ ಫೋನು ಮಾಡಲು ಕೈ ಹೋಯಿತು, ಬಿಟ್ಟ. ಮೆಕ್ಕೆಜೋಳದ ಕೆಂಕಿ ಉಂಡೆ ಬೇಯಿಸಿ ಮಾರುವ ಎಫುವಾ, ನಾಟಕವೆಂದರೆ ಒಲೆ ಉರಿಯುತ್ತಿದ್ದರೂ ಎದ್ದು ಬರುವ ಹೆಂಗಸು. ಅವಳನ್ನೂ ಫೀಫಿ ಆಟದೊಳಗೆ ಸೇರಿಸಿಕೊಂಡಿರುತ್ತಾನೆ.

ಎಲ್ಮಿನಾದ ಸೇತುವೆಯ ಪಕ್ಕದ ಗೋಡೆಯಲ್ಲೇ ಪೋಸ್ಟರು ಸಿಕ್ಕಿತು. ಬಿಳಿ ಲೇಸಿನ ಉಡುಪಿನಲ್ಲಿ ಅಮ್ಮ ನಗುತ್ತಿದ್ದಳು. ಕೋಬಿನಾ ಕರಡು ತಿದ್ದುವವನಂತೆ ಬಗ್ಗಿ ನೋಡಿದ.

“ಅಂಚಿಗೆ ಕಪ್ಪು ಜಾಸ್ತಿ ಆಯ್ತು. ಫೋಟೋ ಭೇಷ್. ದುಃಖತಪ್ತರಲ್ಲಿ ನಂಗೇ ಮೊದಲ ಸ್ಥಾನ, ಸಂತೋಷ.” ಕ್ಯಾಮೆರಾ ಕಡೆ ತಿರುಗಿ ಹಲ್ಲು ಕಿರಿದ. “ಬಂತಾ ಭಯ?”

ಫೀಫಿ ಕ್ಯಾಮೆರಾದ ಹಿಂದೆ ಮುಖ ಆಚೆ ತಿರುಗಿಸಿದ. ನಗು ತಡೆಯುವವರು ಹಾಗೇ ಮಾಡುವುದು.

ಮೀನು ಒಣಗಿಸುತ್ತಿದ್ದ ಹೆಂಗಸೊಬ್ಬಳು ಎದ್ದು ಬಂದು ಕೋಬಿನಾನ ಗಲ್ಲ ಹಿಡಿದಳು. “ಮನಸ್ಸು ಗಟ್ಟಿ ಮಾಡ್ಕೋ ಮಗಾ.”

“ನಿಮ್ಗೂ ಪಾತ್ರ ಸಿಕ್ತಾ ದೊಡ್ಡಮ್ಮಾ? ಅಳು ಇನ್ನೂ ಸ್ವಲ್ಪ ಬೇಕಿತ್ತು.”

ಮನೆಯ ಅಂಗಳದಲ್ಲಿ ಸೂತಕದ ಕಪ್ಪು, ಕೆಂಪು ಉಟ್ಟ ಹೆಂಗಸರು ಅಳುತ್ತ ಕೂತಿದ್ದರು. ಇಷ್ಟು ಜನರನ್ನು ಒಪ್ಪಿಸಿದ ಫೀಫಿಯ ಮೇಲೆ ಕೋಬಿನಾನಿಗೆ ಗೌರವವೇ ಹುಟ್ಟಿತು. ತವಿಯಾ ಮಾವ ಅವನನ್ನು ಕೂರಿಸಿ, ಲೋಟದಲ್ಲಿ ನೀರು ಕೊಟ್ಟ.

“ಕುಡಿ ಮಗಾ. ಪಕ್ಕದ್ಮನೆ ಫೋನಲ್ಲಿ ಕರೆದ್ರೆ ನನ್ನ ಕೆಮ್ಮು ಆಡ್ಕೊಂಡೆ. ಇರ್ಲಿ, ನಿಂಗೆ ಗೊತ್ತಿರ್ಲಿಲ್ಲ.”

ಮಾವನಿಗೂ ಪಾಠ ಚೆನ್ನಾಗಿ ಬಾಯಿಪಾಠವಾಗಿತ್ತು. ಕೋಬಿನಾ ನೀರು ಕುಡಿದು, ತುಟಿ ಒರೆಸಿಕೊಂಡು, ಮಾವ ಬಾಯಿ ತೆರೆಯುವ ಮೊದಲೇ ಮಾವನ ದನಿಯಲ್ಲಿ ತಾನೇ ಶುರುಮಾಡಿದ:

“ಏನಿಲ್ಲ ಮಗಾ. ನಿಮ್ಮಮ್ಮ ನಿನ್ನೆ ಬೆಳಗ್ಗೆ ಕೆಂಕಿ ಒಲೆ ಮುಂದೆ ಕೂತೋಳು ಏಳ್ಲೇ ಇಲ್ಲ.”

ಮಾವ ಕುರ್ಚಿಯ ಕೈ ಹಿಡಿದುಕೊಂಡ.

“ಒಲೆ ಮುಂದೆ ಅಂತ ನಿಂಗೆ ಯಾರು ಹೇಳಿದ್ರು?”

ಕೋಬಿನಾ ಚಪ್ಪಾಳೆ ತಟ್ಟಿದ. ಫೀಫಿ ಕ್ಯಾಮೆರಾವನ್ನು ನೆಲಕ್ಕಿಟ್ಟು, ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಮೊಣಕಾಲು ಮುಟ್ಟಿದ.

“ಕೋಬಿನಾ, ನಾನಿನ್ನೂ ಏನೂ ಮಾಡಿಲ್ಲ ಕಣೋ. ಫೋನೂ ನಂದಲ್ಲ. ನಾನು ಅಚ್ಚು ಹಾಕ್ಸಿರೋದು ನಿನ್ನ ಪೋಸ್ಟರು. ಭಾನುವಾರ ಕಾಲೇಜ್ ಗೇಟಿಗೆ ಅಂಟಿಸೋಣ ಅಂತಿದ್ದೆ.”

ಕೋಬಿನಾ ಹೊಟ್ಟೆ ಹಿಡಿದುಕೊಂಡು, ಅಂಗಳದ ಅಳುವೆಲ್ಲ ಮುಳುಗಿಹೋಗುವಷ್ಟು ಜೋರಾಗಿ ನಕ್ಕ.