ಬಲದಿಂದ ಎಡಕ್ಕೆ

ಗುಂಪು ಬಾಗಿಲು ಮುರಿದು ಒಳನುಗ್ಗಿದಾಗ ಮುದುಕ ಒಬ್ಬನೇ ಕುಳಿತು ಓದುತ್ತಿದ್ದ. ಎಲ್ಲರಿಗಿಂತ ಮುಂದಿದ್ದ ತರುಣ ಪುಸ್ತಕ ಕಿತ್ತುಕೊಂಡ.

"ಅರಬ್ಬಿ ಅಕ್ಷರ ಅದಾವಲೇ! ಇವನೂ ಅವರ ಪೈಕಿನ!"

ಮುದುಕ ಏನೋ ಹೇಳಲು ಬಾಯಿ ತೆರೆದ. ಸರಳಿನ ಮೊದಲ ಏಟು ಬಾಯಿಗೇ ಬಿತ್ತು. ಆಮೇಲೆ ತರುಣ ತನ್ನ ಕೈ ಸೋಲುವವರೆಗೂ ಹೊಡೆದ.

ರಕ್ತ ಮೆತ್ತಿದ ಪುಸ್ತಕವನ್ನು ಮನೆಗೆ ತಂದು ಅಜ್ಜಿಯ ಮುಂದೆ ಎಸೆದ.

"ನೋಡ ದಾದಿ, ನಿನ್ನ ಸಿಂಧ್ ಬಿಡಿಸಿ ಓಡ್ಸಿದವರ ಪೈಕಿ ಒಬ್ಬನ್ನ ಮುಗಿಸಿ ಬಂದೇನಿ."

ದಾದಿ ಸೆರಗಿನಿಂದ ರಕ್ತ ಒರೆಸಿ ಪುಟ ತೆರೆದಳು.

"ಇದು ಅವರದಲ್ಲೋ. ನಮ್ಮ ಸಿಂಧಿ ಲಿಪಿ. ನಾ ಸಾಲ್ಯಾಗ ಕಲ್ತದ್ದು ಇದನ್ನ."

ಬೆರಳು ಬಲದಿಂದ ಎಡಕ್ಕೆ ಸರಿಯತೊಡಗಿತು. ಅವಳು ಗಟ್ಟಿಯಾಗಿ ಓದಿದಳು:

"ಧರ್ಮಕ್ಷೇತ್ರೇ ಕುರುಕ್ಷೇತ್ರೇ..."