ಹಕ್ಕಳೆ

ಮಗುವಿನ ಕೆನ್ನೆಗೆ ಮುತ್ತಿಡಲು ಬಾಗಿದ ವರಲಕ್ಷ್ಮಮ್ಮನ ಬಾಯಿಗೆ ಮಗಳು ತನುಶ್ರೀ ಅಂಗೈ ಅಡ್ಡ ಹಿಡಿದಳು.

“ಬೇಡಮ್ಮ. ನಿನ್ನ ತುಟಿ ಮೇಲೆ ಗುಳ್ಳೆ ಎದ್ದಿದೆ.”

“ಹೀಟಿಗೆ ಎದ್ದಿರೋದು ಕಣೇ. ವರ್ಷಕ್ಕೆರಡು ಸಲ ಬರ್ತದೆ, ಬೆಣ್ಣೆ ಹಚ್ಚಿದ್ರೆ ಹೋಗ್ತದೆ. ನಿನ್ನ ಮುದ್ದು ಮಾಡಿ ಸಾಕಿದ ಬಾಯಿ ಇದು. ಈಗ ಮೈಲಿಗೆ ಆಯ್ತಾ?”

ಮಗುವಿಗೆ ನೀರು ಹಾಕಲು ಬಂದಿದ್ದ ಮುದುಕಿ ಗಂಗುಲಮ್ಮ ಎಣ್ಣೆ ಬಟ್ಟಲು ಹಿಡಿದೇ ನಕ್ಕಳು. “ಆಗ್ಲಿ ಬಿಡೇ! ಕೈಕಾಲು ತೊಳೀದೆ ಹುಳದ ಮನೆಗೆ ದೇವ್ರನ್ನೂ ಬಿಡೋಳಲ್ಲ ನೀನು. ಈಗ ನಿನ್ನೇ ಹೊಸಿಲಲ್ಲಿ ನಿಲ್ಸೋಳು ಹುಟ್ಟವ್ಳೆ.”

ವರಲಕ್ಷ್ಮಮ್ಮನಿಗೆ ನಗು ಬರಲಿಲ್ಲ. ಮೂವತ್ತು ವರ್ಷ ಜಂಗಮಕೋಟೆಯಲ್ಲಿ ರೇಷ್ಮೆಹುಳು ಸಾಕಿದವಳು, ಬಾಣಂತನಕ್ಕೆ ಬಂದ ಮಗಳೆದುರು ಕೈ ಹಿಸುಕಿಕೊಂಡು ನಿಂತಳು.

“ಹೀಟಲ್ಲಮ್ಮ, ಅದೊಂದು ವೈರಸ್ಸು.” ತನುಶ್ರೀ ದನಿ ತಗ್ಗಿಸಿದಳು. “ಹಾಲುತೊಂಡೆ ರೋಗ ಬಂದ ಒಂದು ಹುಳದಿಂದ ಇಡೀ ಬೆಳೆ ಹೋಗಲ್ವಾ, ಹಂಗೆ. ಒಂದ್ಸಲ ಸೇರ್ಕೊಂಡ್ರೆ ನರದಲ್ಲೇ ಮಲಗಿರ್ತದಂತೆ. ಜ್ವರ ಬಂದಾಗ, ಸುಸ್ತಾದಾಗ ಏಳ್ತದೆ. ದೊಡ್ಡವ್ರಿಗೆ ಅಂಥದ್ದೇನಾಗಲ್ಲ. ಚುರುಚುರು ಅನ್ನುವಾಗ್ಲೇ ಮುಲಾಮು ಹಚ್ಚಿದ್ರೆ ಬೇಗ ಒಣಗ್ತದೆ. ಆದ್ರೆ ಎಳೆಕೂಸಿಗೆ ತಗುಲಿದ್ರೆ...”

“ತಗುಲಿದ್ರೆ?”

“ಮೊದ್ಲು ಹಾಲು ಕುಡಿಯೋದು ಬಿಡ್ತದಂತೆ. ಮೈ ಸುಡ್ತದೆ. ಆಮೇಲೆ ಫಿಟ್ಸು. ಬೇಗ ಗೊತ್ತಾಗ್ದಿದ್ರೆ ಉಳಿಯೋದೇ ಕಷ್ಟ ಅಂದ್ರು ಡಾಕ್ಟ್ರು.”

ಗಂಗುಲಮ್ಮನ ನಗು ನಿಂತಿತು. ವರಲಕ್ಷ್ಮಮ್ಮನ ಮುಖ ನೋಡಿದವಳು ಥಟ್ಟನೆ ಬಟ್ಟಲಿನ ಕಡೆ ತಿರುಗಿದಳು.

ತನುಶ್ರೀಗಿಂತ ಮೊದಲು ಅವಳಿಗೆ ಒಂದು ಗಂಡುಮಗು ಹುಟ್ಟಿತ್ತು. ಅದಕ್ಕೂ ನೀರು ಹಾಕಿದ್ದು ಗಂಗುಲಮ್ಮನೇ. ಹೆರಿಗೆಯಾದ ಮೂರನೆಯ ದಿನಕ್ಕೆ ವರಲಕ್ಷ್ಮಮ್ಮನಿಗೆ ಜ್ವರ. ತುಟಿಯ ತುಂಬ ಗುಳ್ಳೆ. ಅವಳಿಗೆ ಅದು ಎದ್ದದ್ದು ಆಗಲೇ ಮೊದಲು. ಆ ಸಂಕಟದಲ್ಲೂ ಕೂಸನ್ನು ಎದೆಗೊತ್ತಿಕೊಂಡು ಹಣೆ, ಕೆನ್ನೆ, ಬೆರಳು ಒಂದೂ ಬಿಡದೆ ಮುತ್ತಿಟ್ಟಿದ್ದಳು. ಒಂಬತ್ತನೆಯ ದಿನ ಅದು ಹಾಲು ಬಿಟ್ಟಿತು. ಹನ್ನೆರಡನೆಯ ದಿನ ಸೆಟೆದುಕೊಂಡಿತು, ಸಂಜೆಯೊಳಗೆ ಹೋಯಿತು. ಬಾಲಗ್ರಹ ಎಂದರು ಊರವರು. ಆ ಗ್ರಹಕ್ಕೆ ಇಪ್ಪತ್ತೆಂಟು ವರ್ಷ ಹಿಡಿಶಾಪ ಹಾಕುತ್ತ ಬಂದಿದ್ದಳು ಅವಳು.

“ಅದು ಗ್ರಹಾನೇ ಕಣೇ ವರಲಕ್ಷ್ಮಿ,” ಎಂದಳು ಗಂಗುಲಮ್ಮ, ಯಾರೂ ಕೇಳದಿದ್ದರೂ.

ವರಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ನಡೆದಳು. ಹುಳದ ಮನೆಯ ಬಾಗಿಲಲ್ಲಿಟ್ಟಿದ್ದ ಬ್ಲೀಚಿಂಗ್ ನೀರಿನಲ್ಲಿ ಕೈ ತೊಳೆದಳು. ತೊಳೆದ ಕೈಯನ್ನೇ ಮತ್ತೆ ತೊಳೆದಳು.

ತನುಶ್ರೀ ಹಿಂದೆಯೇ ಬಂದಳು. “ಬೇಜಾರಾಯ್ತಾಮ್ಮ? ಹಕ್ಕಳೆ ಉದುರಿ ಚರ್ಮ ಸರಿಹೋದ್ಮೇಲೆ ಎಷ್ಟು ಬೇಕಾದ್ರೂ ಮುದ್ದಾಡು.”

“ಬೇಜಾರೇನಿಲ್ಲ ಕಣಮ್ಮ. ನೀನು ಅಡ್ಡ ಬಂದಿದ್ದು ಒಳ್ಳೇದಾಯ್ತು.”

ಹತ್ತು ದಿನಕ್ಕೆ ಹಕ್ಕಳೆ ಉದುರಿತು, ತುಟಿ ಮೊದಲಿನಂತಾಯಿತು. ತನುಶ್ರೀ ತಾನೇ ಮಗುವನ್ನು ತಂದು ತಾಯಿಯ ಮಡಿಲಲ್ಲಿಟ್ಟಳು. ವರಲಕ್ಷ್ಮಮ್ಮ ಅದರ ಪುಟ್ಟ ಪಾದಗಳನ್ನು ಹಿಡಿದು, ಬಾಗಿ, ಎರಡೂ ಕಣ್ಣಿಗೆ ಒತ್ತಿಕೊಂಡಳು. ಬಾಯಿಗೆ ಅಡ್ಡ ಸುತ್ತಿದ್ದ ಸೆರಗು ಹಾಗೆಯೇ ಇತ್ತು.