ಬಾಯಿ ಮುಚ್ಚಿದ ಬ್ಯಾಟರಿ

ಗಾಲಿಕುರ್ಚಿಯಂಥ ಬಂಡಿಯ ಆಸನದ ಕೆಳಗಿನ ಮುಚ್ಚಳ ಎತ್ತಿದ ಅಧಿಕಾರಿ ಹಾವು ಕಂಡವನಂತೆ ಕೈ ಹಿಂದಕ್ಕೆಳೆದುಕೊಂಡ. ಆಮೇಲೆ ಧೈರ್ಯ ಮಾಡಿ ಬ್ಯಾಟರಿಯ ಬಿರಡೆ ತಿರುಗಿಸಿ ಮೂಸಿದ. ಮಕ್ಕಳಿಗೆ ಹೇಳುವ ಹಾಗೆ ಹಿಂದಿಯಲ್ಲಿ ಬಿಡಿಸಿ ಹೇಳಿದ: ಇದರೊಳಗೆ ಆಸಿಡ್ ಇದೆ, ಚೆಲ್ಲಿದರೆ ವಿಮಾನದ ಹೊಟ್ಟೆಯನ್ನೇ ತಿನ್ನುತ್ತದೆ, ಈ ಬಂಡಿ ಹತ್ತುವಂತಿಲ್ಲ.

ಬಂಡಿಯ ಮೇಲೆ ಕೂತಿದ್ದ ಶಹಜಾದಿ ಅಣ್ಣನ ಕಡೆ ತಿರುಗಿದಳು. ಮುಂಬಯಿ ವಿಮಾನ ನಿಲ್ದಾಣದ ಆ ಜನಜಂಗುಳಿಯಲ್ಲಿ ಅವಳಿಗೆ ಗುರುತಿನವನೆಂದರೆ ಅಣ್ಣ ಸೈಫುದ್ದೀನ ಒಬ್ಬನೇ.

"ಒಯ್ಯಾಕ ಆಗೂದೇ ಇಲ್ಲಂತೇನಣ್ಣಾ? ಖರೇನಾ?"

"ನೀ ಗಾಬರಿ ಆಗಬ್ಯಾಡ," ಅಂದ ಅಣ್ಣ. ಗಾಬರಿಯಾಗಿದ್ದವನು ಅವನೇ. ಇದು ಆಸಿಡ್ ಚೆಲ್ಲುವ ಬ್ಯಾಟರಿಯೇ ಅಲ್ಲ ಎಂದು, ಕುವೈತಿನಲ್ಲಿ ಕಲಿತ ಹಿಂದಿಯಲ್ಲಿ ಅಧಿಕಾರಿಯೊಡನೆ ವಾದಕ್ಕೆ ನಿಂತ.

ವಾದದಲ್ಲಿ ಹುರುಳಿತ್ತು. ಈ ಬ್ಯಾಟರಿ ಬಂಡಿಯನ್ನು ಎಪ್ಪತ್ತಾರರಲ್ಲಿ ಕುವೈತಿನಿಂದ ಹಡಗಿನಲ್ಲಿ ಕಳಿಸಿದವನೇ ಅವನು. ಎರಡು ವರ್ಷದ ಮೇಲೆ ತಂಗಿಯನ್ನೇ ಕರೆದೊಯ್ಯಲು ಬಂದಾಗ, ವಿಮಾನದವರು ತಕರಾರು ತೆಗೆಯಬಾರದೆಂದು, ಆಸಿಡ್ ಚೆಲ್ಲದ, ಬಾಯಿ ಮುಚ್ಚಿದ ಹೊಸ ಬ್ಯಾಟರಿ ತಂದಿದ್ದ. ಹೊರಡುವ ಹಿಂದಿನ ದಿನ ವಿಜಾಪುರದ ಅವಳ ಖೋಲಿಯಲ್ಲಿ ಅದನ್ನು ತಾನೇ ಕೂಡಿಸಿದ. ಹಳೆಯದನ್ನು ಮೂಲೆಗಿಟ್ಟು, ಒಯ್ಯಲು ಗಾಂಧಿ ಚೌಕದ ಬ್ಯಾಟರಿ ಅಂಗಡಿಯ ಕಾಸಿಮಸಾಬನಿಗೆ ಹೇಳಿ, ಹೆಂಡತಿಯ ತವರಿನವರನ್ನು ಕಂಡು ಬರಲು ತಿಕೋಟಾಕ್ಕೆ ಹೋದ.

ಮರುದಿನ ಬೆಳಿಗ್ಗೆ ಅವನು ಬಂದಾಗ ಶಹಜಾದಿ ತಯಾರಾಗಿ ಬಂಡಿ ಏರಿ ಕೂತಿದ್ದಳು. ಬಳೆಗಳ ನಡುವೆ ಒಂದು ಜೋಳದ ಕಾಳು ಸಿಕ್ಕಿಕೊಂಡಿತ್ತು.

"ವಿಮಾನ ಹತ್ತೂ ಹೊತ್ತಿನ್ಯಾಗೂ ಜೋಳ ಹಸನ ಮಾಡಾಕತ್ತಿದ್ದೇನ ಬೇ?" ಎಂದು ಅಣ್ಣ ನಕ್ಕಿದ್ದ. ಮೆಟಡೋರ್ ವ್ಯಾನಿಗೆ ಹಲಗೆ ಹಚ್ಚಿಸಿದ. ಬಂಡಿ ಗುಂಯ್ಯೆಂದು ತಾನೇ ಏರಿತು.

ಎಲ್ಲವನ್ನೂ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದ. ಮುಂಬಯಿಯಲ್ಲಿ ಊಟದ ಪೆಟ್ಟಿಗೆ ಏರಿಸುವ ಲಾರಿಯವರಿಗೂ ಹೇಳಿಸಿದ್ದ. ಅವರು ಬಂಡಿಯನ್ನು ಶಹಜಾದಿಯ ಸಮೇತ ವಿಮಾನದ ಬಾಗಿಲಿಗೇ ಎತ್ತಬೇಕು. "ಯಾರೂ ನಿನ್ನ ಮುಟ್ಟೂದೂ ಬ್ಯಾಡ. ರಾಣಿ ಹಂಗ ಹೋಗೂದು," ಎಂದು ಹೆಮ್ಮೆಯಿಂದ ಹೇಳಿದ್ದ.

ಅವಳ ಕಾಲುಗಳನ್ನು ಎಳವೆಯಲ್ಲೇ ಒಂದು ಜ್ವರ ತಿಂದಿತ್ತು. ಹುಟ್ಟೂರು ಬಬಲೇಶ್ವರದಲ್ಲಿ ಇದ್ದಷ್ಟು ದಿನ ಶಾಲೆಗಾಗಲಿ ಸಂತೆಗಾಗಲಿ ಅಣ್ಣನ ಬೆನ್ನೇ ಅವಳ ಕುದುರೆ. ತಾಯಿ ತಂದೆ ತೀರಿಕೊಂಡರು, ಅಣ್ಣ ಹೊಟ್ಟೆಪಾಡಿಗೆ ಸಮುದ್ರ ದಾಟಿದ. ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದು, ಕೌದಿ ಹೊಲಿಯುತ್ತ ಅವಳು ಒಬ್ಬಳೇ ಉಳಿದಳು. ಸಂಜೆಯಾದರೆ ನೆರೆಯ ಪೀರಾಂಬಿ, ಕಾಶಿಬಾಯಿ ಇಬ್ಬರೂ ಬಂದು ರಟ್ಟೆಗೆ ಕೈಕೊಟ್ಟು ಎತ್ತಿ ಹೊರಗಿನ ಕಟ್ಟೆಗೆ ತಂದು ಕೂಡಿಸುತ್ತಿದ್ದರು. "ಎಷ್ಟ ತಿಂತೀ ಬೇ, ನಮ್ಮ ನಡ ಮುರೀತು," ಎಂದು ಬೈದು, ಅಲ್ಲೇ ಕೂತು ದೀಪ ಹಚ್ಚುವ ತನಕ ಹರಟುತ್ತಿದ್ದರು.

ಬಂಡಿ ಬಂದಾಗ ನೋಡಲು ಚೌಕಕ್ಕೆ ಚೌಕವೇ ನೆರೆಯಿತು. "ಇನ್ನ ನಿನಗ ಯಾರ ಹಂಗೂ ಇಲ್ಲ ಬಿಡು," ಅಂದಳು ಕಾಶಿಬಾಯಿ. ನಿಜ, ಹಂಗು ಹರಿಯಿತು. ಶಹಜಾದಿ ಮನಸ್ಸು ಬಂದಾಗ ಪೇಟೆಗೆ ಹೋದಳು, ಬಂದಳು. ಬ್ಯಾಟರಿಯ ತಂತಿ ಬಿಚ್ಚುವುದು, ನೀರು ಹಾಕುವುದು, ಮತ್ತೆ ಕೂಡಿಸುವುದು ಎಲ್ಲ ಕಲಿತಳು. ಸಂಜೆ ಮಾತ್ರ ಬಾಗಿಲು ಬಡಿಯುವವರಿಲ್ಲ. ಅವರವರ ಮನೆಗೆಲಸ ಅವರವರಿಗೆ. ಆ ಖೋಲಿಯಲ್ಲಿ ಅವಳಿಗೆ ಜೊತೆ ಅಂತ ಉಳಿದದ್ದು ಬಂಡಿಯೊಂದೇ, ಮತ್ತು ಒಂಟಿತನ ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ವರ್ಷಗಟ್ಟಲೆ ಆದಮೇಲೆ ಬಂದ ಅಣ್ಣನೂ ಮೊದಲು ಬಂಡಿಯ ಸುತ್ತ ಒಂದು ಸುತ್ತು ಹಾಕಿ, ಗಾಲಿ ಒತ್ತಿ ನೋಡಿ, "ಚಂದ ಇಟ್ಟೀ," ಎಂದಿದ್ದ.

ಈಗ ಅವನೇ ಬಗ್ಗಿ ಮುಚ್ಚಳದೊಳಗೆ ಇಣುಕಿದ. ಹಳೆಯ ಬ್ಯಾಟರಿಯೇ.

"ಕಾಸಿಮಸಾಬಂದ ಕೆಲಸ! ಹಳೇದ ಒಯ್ಯಪಾ ಅಂದ್ರ ಹೊಸಾದ ಹಾರಿಸಿ, ಹಳೇದ ತುರುಕ್ಯಾನ. ಅವನ ಚರ್ಮಾ ಸುಲೀತೀನಿ!"

"ಅವ ಅಂಥಾವಲ್ಲಣ್ಣಾ. ಅವನ ಹೆಸರ ತಗೀಬ್ಯಾಡ." ಶಹಜಾದಿಯ ದನಿ ಎಂದಿಗಿಂತ ಗಟ್ಟಿಯಾಗಿತ್ತು.

ಅಧಿಕಾರಿ ಗಡಿಯಾರ ನೋಡಿಕೊಂಡ. ಬಂಡಿ ಬಿಟ್ಟು ಹೋಗುವುದಾದರೆ ಈಗಲೇ ಹೋಗಬೇಕು, ಇಲ್ಲವೇ ಇಬ್ಬರೂ ಉಳಿಯಬೇಕು ಎಂದ. ಬ್ಯಾಟರಿ ಬಿಚ್ಚಿ ಬಂಡಿ ಏರಿಸಲೂ, ಗಾಲಿಕುರ್ಚಿ ಹುಡುಕಿ ತರಲೂ ಹೊತ್ತಿಲ್ಲವಂತೆ.

"ತಿರುಗಿ ಹೋಗೂಣೇನು?" ಅಣ್ಣ ತಲೆ ಕೆರೆದುಕೊಂಡ. "ಬ್ಯಾಟರಿ ಸಿಕ್ಕಮ್ಯಾಲೆ ಮತ್ತ್ ಯಾವಾಗರೆ..."

ತಿರುಗಿ ಹೋದರೆ ಮತ್ತೆ ಅದೇ ಖೋಲಿ, ಅದೇ ಸಂಜೆ. ಶಹಜಾದಿಯ ಕಣ್ಣು ತುಂಬಿದವು.

"ನೀ ಹೆಂಗಂದ್ರ ಹಂಗ," ಅಂದಳು. "ಆದ್ರ ಸಾಲಿಗಿ ನಾ ಬಂಡಿ ಮ್ಯಾಲೆ ಹೋಗಿದ್ದಿಲ್ಲಲ್ಲಣ್ಣಾ."

ಸೈಫುದ್ದೀನ ಕೋಟು ಬಿಚ್ಚಿ ಹೆಗಲಚೀಲಕ್ಕೆ ತುರುಕಿದ. ಅವಳ ಮುಂದೆ ಮೊಣಕಾಲೂರಿ ಬೆನ್ನು ಕೊಟ್ಟ.

"ಏರು."

ಅವಳ ತೋಳುಗಳು ಅವನ ಕೊರಳು ಬಳಸಿದವು. ಬೆನ್ನು ಅಗಲವಾಗಿತ್ತು, ಬೆವರಿನ ವಾಸನೆ ಅದೇ ಇತ್ತು. ವಿಮಾನದ ಮೆಟ್ಟಿಲು ಹತ್ತುವಾಗ ಅವನಿಗೆ ಏದುಸಿರು ಬಂತು.

"ಎಷ್ಟ ಭಾರ ಆಗೀದಿ ಬೇ! ನಡ ಮುರೀತು."

ಶಹಜಾದಿ ಅವನ ಭುಜಕ್ಕೆ ಕೆನ್ನೆಯಿಟ್ಟು ನಕ್ಕಳು. ನಗುವಿನ ಹಿಂದೆಯೇ ಅಳುವೂ ಬಂತು.

"ಬ್ಯಾಟರಿ ಬದಲಿ ಮಾಡಿದವರ ಕೈ ಸೇದಿ ಹೋಗ್ಲಿ," ಎಂದು ಅಣ್ಣ ಶಪಿಸಿದ.

"ಹಂಗನಬ್ಯಾಡಣ್ಣಾ," ಎಂದು ಅವಳು ಕೈಗಳನ್ನು ಇನ್ನಷ್ಟು ಬಿಗಿದಳು.

ಗಾಂಧಿ ಚೌಕದ ಹಿಂದಿನ ಓಣಿಯ ಬೀಗ ಹಾಕಿದ ಖೋಲಿಯಲ್ಲಿ, ಶಹಜಾದಿ ತನ್ನ ಕೈಯಾರೆ ಬಿಚ್ಚಿ ಬಚ್ಚಿಟ್ಟ ಹೊಸ ಬ್ಯಾಟರಿ ಜೋಳದ ಚೀಲದ ತಳದಲ್ಲಿತ್ತು.